ದ್ವಿದಳ ಮೇವಿನ ಹಿಪ್ಪೆ ಕೆಟ್ಟಿತೇ? ಬಿಸಿ, ವಾಸನೆ, ಬಣ್ಣ ನೋಡಿ ದೋಷ ಹಿಡಿಯುವ ಕೈಪಿಡಿ

ಕುದುರೆಮೆಂತೆ, ಬರ್ಸೀಮ್, ಕ್ಲೋವರ್‌ನಂಥ ದ್ವಿದಳ ಮೇವನ್ನು ಅರೆದು ಹಿಂಡಿ ಪ್ರೋಟೀನ್ ರಸ ತೆಗೆದ ಮೇಲೆ ಹಸಿರು ನಾರಿನ ಮುದ್ದೆ ಉಳಿಯುತ್ತದೆ. ಅದನ್ನೇ ಇಲ್ಲಿ ಹಿಪ್ಪೆ ಎಂದು ಕರೆಯುತ್ತೇನೆ. ಬಾಯಿಮಾತಿನಲ್ಲಿ ಕೆಲವರು ಇದನ್ನು ಹಿಂಡಿ ಎಂದುಬಿಡುತ್ತಾರೆ. ಆ ಹೆಸರಿನಿಂದಲೇ ಒಂದು ತಪ್ಪು ಹುಟ್ಟುತ್ತದೆ, ಎಣ್ಣೆಕಾಳಿನ ಹಿಂಡಿಯ ಬದಲಿಗೆ ಇದನ್ನು ಹಾಕಲು ಹೋಗುತ್ತಾರೆ. ಕುದುರೆಮೆಂತೆಯ ಒಣಾಂಶದಲ್ಲಿ, ಅಂದರೆ ನೀರು ಕಳೆದು ಉಳಿಯುವ ಭಾಗದಲ್ಲಿ, ನೂರಕ್ಕೆ ಸುಮಾರು 18ರಿಂದ 22 ಪಾಲು ಪ್ರೋಟೀನ್ ಇದ್ದರೆ, ಹಿಪ್ಪೆಯಲ್ಲಿ 14ರಿಂದ 18ರಷ್ಟು ಉಳಿದಿರುತ್ತದೆ. ನಾರು ಹೆಚ್ಚಿರುತ್ತದೆ. ಅಂದರೆ ಇದು ದಾಣಿ ಅಲ್ಲ, ಮೆಲುಕು ಹಾಕುವ ರಾಸುಗಳಿಗೆ ಹೇಳಿಮಾಡಿಸಿದ ಒಳ್ಳೆಯ ಮೇವು.

ಒಳ್ಳೆಯದು ಎನ್ನುವುದೇನೋ ಸರಿ, ಕೆಡುವುದೂ ಅಷ್ಟೇ ಬೇಗ. ಅರೆದಾಗ ಸೊಪ್ಪಿನ ಜೀವಕೋಶಗಳೆಲ್ಲ ಒಡೆದಿರುತ್ತವೆ, ಗಾಳಿಗೂ ಸೂಕ್ಷ್ಮಾಣುಗಳಿಗೂ ಬಾಗಿಲು ತೆರೆದಂತಾಗುತ್ತದೆ. ಅದರ ಮೇಲೆ ದ್ವಿದಳ ಸೊಪ್ಪಿಗೆ ಎರಡು ಹುಟ್ಟುಗುಣಗಳಿವೆ: ಸಕ್ಕರೆ ಕಡಿಮೆ, ಹುಳಿಯೇರಲು ಹಟ ಹೆಚ್ಚು. ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ, ಹುಳಿ ಬರಿಸಿ ಕಾಪಿಡುವುದೇ ರಸಮೇವು (ಸೈಲೇಜ್). ಜೋಳದ ರಸಮೇವು ಸಲೀಸಾಗಿ ಹುಳಿಯಾಗುತ್ತದೆ, ಇದು ಆಗುವುದಿಲ್ಲ. ಫಿನ್‌ಲ್ಯಾಂಡಿನ ರಸಾಯನವಿಜ್ಞಾನಿ ಆರ್ಟುರಿ ವಿರ್ಟಾನೆನ್ ಪ್ರೋಟೀನ್ ಹೆಚ್ಚಿರುವ ಮೇವಿಗೆ ಹೊರಗಿನಿಂದ ಆಮ್ಲ ಸೇರಿಸಿ ಪಿಎಚ್ ಅನ್ನು (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಕೂಡಲೇ 4ರ ಕೆಳಗಿಳಿಸುವ ವಿಧಾನ ರೂಪಿಸಿದ್ದು ಇಂಥ ತೊಡಕಿಗಾಗಿಯೇ. 1945ರಲ್ಲಿ ಅವರಿಗೆ ನೊಬೆಲ್ ಬಂದದ್ದರಲ್ಲಿ ಮೇವು ಕಾಪಿಡುವ ಆ ಕೆಲಸಕ್ಕೆ ದೊಡ್ಡ ಪಾಲಿದೆ. ಹಾಗಾಗಿ ಮೊದಲ ಸಲ ಹಾಳಾಯಿತೆಂದು ಕೈಚೆಲ್ಲಬೇಡಿ. ತಪ್ಪು ಎಲ್ಲಾಯಿತು ಎನ್ನುವುದು ಮೇವಿನಲ್ಲೇ ಬರೆದಿರುತ್ತದೆ, ಓದಲು ಕಲಿಯಬೇಕು.

ಬೇಕಾದ ಸಾಮಾನು ಹೆಚ್ಚೇನಿಲ್ಲ: ನಿಮ್ಮ ಕೈ, ಮೂಗು, ಉದ್ದ ಕಡ್ಡಿಯ ಥರ್ಮಾಮೀಟರ್, ಪಿಎಚ್ ಕಾಗದ, ಒಂದು ತಕ್ಕಡಿ.

ಮೊದಲು ಜೀವ, ಆಮೇಲೆ ಮೇವು

ಆಳದ ಗುಂಡಿ ಅಥವಾ ಗೋಪುರದಲ್ಲಿ ರಸಮೇವು ತುಂಬಿದ್ದರೆ ಮೊದಲ ಮೂರು ವಾರ ಒಳಗೆ ಇಳಿಯಬೇಡಿ. ಹಳದಿ ಮಿಶ್ರಿತ ಕಂದು ಹೊಗೆ ಕಂಡರೆ, ಬಟ್ಟೆ ಬಿಳುಪು ಮಾಡುವ ಪುಡಿಯಂಥ ಘಾಟು ಬಂದರೆ ಅದು ನೈಟ್ರೋಜನ್ ಡೈಆಕ್ಸೈಡ್. ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಜೊತೆಗೆ ಸೇರಿಕೊಳ್ಳುವ ಇಂಗಾಲದ ಡೈಆಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗೆ ಬಿದ್ದವರನ್ನು ಎತ್ತಲು ಹೋದವರೂ ಅಲ್ಲೇ ಕುಸಿದ ದುರಂತಗಳು ಮತ್ತೆ ಮತ್ತೆ ನಡೆದಿವೆ. ಇಳಿಯದೆ ಸಹಾಯಕ್ಕೆ ಕೂಗಿ, ಅಗ್ನಿಶಾಮಕದವರನ್ನು ಕರೆಯಿರಿ. ಈ ಅನಿಲ ಕುಡಿದವರು ಚೆನ್ನಾಗಿಯೇ ಇದ್ದಂತೆ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಶ್ವಾಸಕೋಶದಲ್ಲಿ ನೀರು ತುಂಬುವುದು ಹಲವು ಗಂಟೆ ಕಳೆದ ಮೇಲೂ ಆಗಬಹುದು.

ಲಕ್ಷಣ: ಹಿಂಡಿದ ಕೆಲವೇ ಗಂಟೆಯಲ್ಲಿ ರಾಶಿ ಬಿಸಿಯಾಗಿದೆ

ಕೈಯನ್ನು ಮೊಣಕೈವರೆಗೆ ರಾಶಿಯೊಳಗೆ ತೂರಿಸಿ ನೋಡಿ. ಹೊರಗೆ ತಣ್ಣಗಿದ್ದು ಒಳಗೆ ಬೆಚ್ಚಗಿದ್ದರೆ ಮೇವು ಉಸಿರಾಡುತ್ತಿದೆ ಎಂದರ್ಥ: ಇರುವ ಅಲ್ಪ ಸಕ್ಕರೆಯೂ ಗಾಳಿಯ ಜೊತೆ ಉರಿದುಹೋಗುತ್ತಿದೆ. ಹುಳಿಯಾಗಲು ಬೇಕಿದ್ದ ಬಂಡವಾಳವೇ ಅದು.

ಇದಕ್ಕೆ ಮದ್ದು ಬೇಗ ತುಂಬುವುದು, ಅಷ್ಟೇ. ಹಿಂಡಿದ ದಿನವೇ ತುಳಿದು ತುಂಬಿ, ಗಾಳಿ ಆಡದಂತೆ ಮುಚ್ಚಬೇಕು. ನಾಳೆ ಉಳಿದದ್ದನ್ನು ಸೇರಿಸಿ ಒಟ್ಟಿಗೆ ಮುಚ್ಚೋಣ ಎಂದು ಕಾದರೆ ಎರಡು ದಿನದ ಮಾಲೂ ಹೋಗುತ್ತದೆ. ಒಂದು ದಿನದ ಹಿಪ್ಪೆಗೆ ಸಾಲುವಷ್ಟೇ ದೊಡ್ಡ ಚೀಲ ಅಥವಾ ಡ್ರಮ್ ಇಟ್ಟುಕೊಳ್ಳುವುದು ದೊಡ್ಡ ಗುಂಡಿಗಿಂತ ಎಷ್ಟೋ ವಾಸಿ.

ಲಕ್ಷಣ: ಚೀಲದ ಅಡಿಯಿಂದ ರಸ ಸೋರುತ್ತಿದೆ

ಒಂದು ಹಿಡಿ ಹಿಪ್ಪೆ ತೆಗೆದುಕೊಂಡು ಅರ್ಧ ನಿಮಿಷ ಗಟ್ಟಿಯಾಗಿ ಹಿಸುಕಿ, ಮುಷ್ಟಿ ಬಿಡಿ. ಬೆರಳ ಸಂದಿಯಿಂದ ರಸ ಹರಿದು ಉಂಡೆ ಹಾಗೇ ಕೂತರೆ ಒಣಾಂಶ ನೂರಕ್ಕೆ 25ಕ್ಕಿಂತ ಕಡಿಮೆ. ಉಂಡೆ ನಿಂತು ಅಂಗೈ ಮಾತ್ರ ಒದ್ದೆಯಾದರೆ 25ರಿಂದ 30. ಉಂಡೆ ನಿಧಾನವಾಗಿ ಅರಳಿ ಬಿಡಿಸಿಕೊಂಡರೆ 30ರಿಂದ 40. ನಿಮಗೆ ಬೇಕಾದದ್ದು ಇದೇ. ಬಿಟ್ಟ ಕೂಡಲೇ ಉದುರಿಹೋದರೆ 40 ದಾಟಿದೆ, ಎಷ್ಟು ತುಳಿದರೂ ಒಳಗೆ ಗಾಳಿ ಉಳಿಯುತ್ತದೆ.

ಕೈಯ ಅಂದಾಜು ಸಾಲದಿದ್ದರೆ 100 ಗ್ರಾಂ ಹಿಪ್ಪೆಯನ್ನು ಮೈಕ್ರೋವೇವ್‌ನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಒಣಗಿಸುತ್ತಾ, ತೂಕ ಇಳಿಯುವುದು ನಿಲ್ಲುವ ತನಕ ತೂಗಿ. ಮೂಲೆಯಲ್ಲಿ ಒಂದು ಲೋಟ ನೀರಿಡಲು ಮರೆಯಬೇಡಿ, ಇಲ್ಲದಿದ್ದರೆ ಮೇವು ಹೊತ್ತಿಕೊಳ್ಳುತ್ತದೆ. ಕೊನೆಗೆ ಉಳಿದ ಗ್ರಾಮೇ ಒಣಾಂಶ.

ಹಸಿ ಹೆಚ್ಚಿದ್ದರೆ ಮೊದಲು ಹಿಂಡುವ ಯಂತ್ರದ ಒತ್ತಡ, ಜಾಲರಿ ಕಟ್ಟಿಕೊಂಡಿದೆಯೇ ಎಂಬುದನ್ನು ನೋಡಿ. ಅದು ಸರಿಯಿದ್ದೂ ಹಸಿಯಾಗಿಯೇ ಬರುತ್ತಿದ್ದರೆ ಕತ್ತರಿಸಿದ ಒಣಹುಲ್ಲು ಬೆರೆಸಿ. ಲೆಕ್ಕ ಹೀಗೆ: ಹಿಪ್ಪೆಯ ಒಣಾಂಶ 25, ಒಣಹುಲ್ಲಿನದು 90, ನಿಮಗೆ ಬೇಕಿರುವುದು 33 ಎಂದಾದರೆ 100 ಕಿಲೋ ಹಿಪ್ಪೆಗೆ ಸುಮಾರು 14 ಕಿಲೋ ಹುಲ್ಲು. ಪ್ರೋಟೀನ್ ಪ್ರಮಾಣ ಸ್ವಲ್ಪ ಇಳಿಯುತ್ತದೆ, ಆದರೆ ಕೊಳೆತು ಪೂರ್ತಿ ಹೋಗುವುದಕ್ಕಿಂತ ಇದು ಮೇಲು.

ಸೋರಿದ ರಸವನ್ನು ಹಳ್ಳಕ್ಕೋ ಬಾವಿಯ ಕಡೆಗೋ ಬಿಡಲೇಬೇಡಿ. ಮನೆಬಳಕೆಯ ಕೊಳಚೆ ನೀರಿಗಿಂತ ನೂರಾರು ಪಟ್ಟು ವೇಗವಾಗಿ ಇದು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಸ್ವಲ್ಪವೇ ಸಾಕು ಮೀನು ಸಾಯಲು. ಪ್ರೋಟೀನ್ ತೆಗೆದ ಮೇಲೆ ಉಳಿಯುವ ಕಂದು ರಸಕ್ಕೂ ಇದೇ ಎಚ್ಚರಿಕೆ. ತೊಟ್ಟಿಯಲ್ಲಿ ಹಿಡಿದು, ನೀರು ಬೆರೆಸಿ ಹೊಲಕ್ಕೆ ತೆಳುವಾಗಿ ಹರಡಿದರೆ ಪೊಟ್ಯಾಷ್ ಗೊಬ್ಬರವಾಗುತ್ತದೆ.

ಲಕ್ಷಣ: ತೆರೆದ ಕೂಡಲೇ ಗಬ್ಬು ನಾತ, ಕೈಗೆ ಲೋಳೆ

ಹೆಚ್ಚು ಜನ ಸೋಲುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಒಳ್ಳೆಯ ರಸಮೇವು ಹಳದಿ ಹಸಿರು ಬಣ್ಣದ್ದು. ಮೂಗಿಗೆ ತಿಳಿಯಾದ ಹುಳಿ ಬರುತ್ತದೆ, ಮೊಸರಿನ ಪಾತ್ರೆ ತೆರೆದ ಹಾಗೆ. ಎಲೆಯ ರೂಪ, ದಂಟಿನ ರೂಪ ಕಣ್ಣಿಗೆ ಗೊತ್ತಾಗುತ್ತದೆ. ಕೆಟ್ಟದ್ದು ಕಡುಹಸಿರಿನ ಲೋಳೆ. ಎರಡು ಬೆರಳಲ್ಲಿ ಉಜ್ಜಿದರೆ ನಾರು ಕರಗಿ ಜಾರುತ್ತದೆ, ಕೈ ತೊಳೆದರೂ ಕಮಟು ವಾಸನೆ ಸಂಜೆತನಕ ಬಿಡುವುದಿಲ್ಲ. ಆ ಕಮಟು ಬ್ಯುಟಿರಿಕ್ ಆಮ್ಲದ್ದು. ಜೊತೆಗೆ ಕಣ್ಣು ಚುರುಗುಟ್ಟಿಸುವ ಘಾಟು ಬಂದರೆ ಅದು ಅಮೋನಿಯ. ಮೇವಿನ ಪ್ರೋಟೀನೇ ಒಡೆದು ಅಮೋನಿಯವಾಗಿ ಹೋಗುತ್ತಿದೆ.

ಇದನ್ನು ಮಾಡುವುದು ಕ್ಲಾಸ್ಟ್ರಿಡಿಯ ಎಂಬ ಬ್ಯಾಕ್ಟೀರಿಯ. ಮಣ್ಣಿನಿಂದ ಬರುತ್ತದೆ, ಹಸಿಯಲ್ಲಿ ಬೆಳೆಯುತ್ತದೆ, ಹುಳಿ ಸಾಕಷ್ಟಿದ್ದರೆ ಅಡಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರೇ: ಮಣ್ಣು ಸೇರಿತ್ತೇ, ನೀರು ಹೆಚ್ಚಿತ್ತೇ, ಹುಳಿ ಕಡಿಮೆಯಾಯಿತೇ.

ಮಣ್ಣನ್ನು ನೋಡುವುದು ಸುಲಭ. ಗಾಜಿನ ಬಾಟಲಿಗೆ ಒಂದು ಹಿಡಿ ಹಿಪ್ಪೆ ಹಾಕಿ, ನೀರು ತುಂಬಿ, ಕುಲುಕಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಮರಳೋ ಕೆಸರೋ ಪದರ ಕಟ್ಟಿದರೆ ಕೊಯ್ಲು ನೆಲಕ್ಕೆ ತೀರಾ ಅಂಟಿ ಆಗಿದೆ, ಇಲ್ಲವೇ ಸೊಪ್ಪನ್ನು ಬರೀ ನೆಲದ ಮೇಲೆ ರಾಶಿ ಹಾಕಿದ್ದಾರೆ. ಒಮ್ಮೆ ನಾನೇ ಇಡೀ ವಾರ, ಸಕ್ಕರೆಗೆಂದು ಹಾಕುವ ಕಾಕಂಬಿಯ ಪ್ರಮಾಣ ಬದಲಾಯಿಸುತ್ತ ಕೂತಿದ್ದೆ. ಕೊನೆಗೆ ಬಾಟಲಿಯ ತಳದಲ್ಲಿ ಅರ್ಧ ಬೆರಳು ಕೆಂಪು ಕೆಸರು ಕಂಡಿತು, ಕೊಯ್ಯುವ ಎತ್ತರ ಏರಿಸಿದ ಮೇಲೆ ನಾತ ನಿಂತಿತು. ಅಂದಿನಿಂದ ಮೊದಲು ಬಾಟಲಿ, ಆಮೇಲೆ ಉಳಿದದ್ದು.

ನೀರಿನ ಪರೀಕ್ಷೆಯನ್ನು ಮೇಲೆ ಹೇಳಿದ್ದೇನೆ. ಇನ್ನು ಹುಳಿ. 25 ಗ್ರಾಂ ಮೇವನ್ನು 100 ಮಿಲಿ ಶುದ್ಧ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ, ತಿಳಿಯಲ್ಲಿ ಕಾಗದ ಅದ್ದಿ. ಸೋಸದಿದ್ದರೆ ಹಸಿರು ಬಣ್ಣ ಕಾಗದಕ್ಕೆ ಹತ್ತಿ ಓದಲು ಬರುವುದಿಲ್ಲ. 30ರಿಂದ 35 ಒಣಾಂಶದ ದ್ವಿದಳ ಮೇವಿಗೆ ಪಿಎಚ್ 4.3ರಿಂದ 4.8 ಇದ್ದರೆ ನಿಶ್ಚಿಂತೆ. ಹಸಿ ಮೇವಿನಲ್ಲಿ 5 ದಾಟಿದ್ದರೆ ಅಪಾಯ. ಎರಡು ವಾರಕ್ಕೆ 4.8 ಇದ್ದದ್ದು ಎರಡು ತಿಂಗಳಿಗೆ 5.5 ಆಗಿದ್ದರೆ ಕ್ಲಾಸ್ಟ್ರಿಡಿಯ ಮೊಸರಿನಲ್ಲಿರುವಂಥ ಒಳ್ಳೆಯ ಲ್ಯಾಕ್ಟಿಕ್ ಹುಳಿಯನ್ನೇ ತಿಂದು ಬ್ಯುಟಿರಿಕ್ ಮಾಡುತ್ತಿದೆ. ಆಗ ಉಳಿದ ಚೀಲಗಳನ್ನು ಕಾದಿಡಬೇಡಿ. ಇನ್ನೂ ಚೆನ್ನಾಗಿರುವುದನ್ನು ಮೊದಲು ತಿನ್ನಿಸಿ ಮುಗಿಸಿ.

ಮುಂದಿನ ಸಲಕ್ಕೆ 100 ಕಿಲೋ ಹಿಪ್ಪೆಗೆ 3ರಿಂದ 4 ಕಿಲೋ ಕಾಕಂಬಿ, ಹರಿಯುವಷ್ಟು ಮಾತ್ರ ಬಿಸಿನೀರಿನಲ್ಲಿ ತೆಳುಮಾಡಿ, ಪದರ ಪದರಕ್ಕೆ ಚಿಮುಕಿಸಿ. ಮೇಲಿಂದ ಒಂದೇ ಕಡೆ ಸುರಿದರೆ ಅಲ್ಲಿ ಮಾತ್ರ ಹುಳಿಯಾಗುತ್ತದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯದ ಪುಡಿ ಬಳಸುವುದಾದರೆ ಕ್ಲೋರಿನ್ ಇಲ್ಲದ ನೀರಿನಲ್ಲಿ ಕಲಸಿ. ಕ್ಲೋರಿನ್ ನೀರು ಆ ಬ್ಯಾಕ್ಟೀರಿಯವನ್ನೇ ಕೊಂದುಬಿಡುತ್ತದೆ. ಪುಡಿ ಹಾಕಿದರೂ ಸಕ್ಕರೆ ಬೇಕೇ ಬೇಕು, ಆಹಾರವಿಲ್ಲದೆ ಅದು ಹುಳಿ ಮಾಡಲಾರದು. ಫಾರ್ಮಿಕ್ ಆಮ್ಲವೂ ಕೆಲಸ ಮಾಡುತ್ತದೆ, ಆದರೆ ಚರ್ಮ, ಕಣ್ಣು ಸುಡುವ ವಸ್ತು. ಕೈಗವಸು, ಕನ್ನಡಕ, ಪಕ್ಕದಲ್ಲಿ ಬಕೆಟ್ ನೀರು ಇಲ್ಲದೆ ಅದರ ಮುಚ್ಚಳ ತೆರೆಯಬೇಡಿ.

ಯೂರಿಯ ಬೇಡ. ಒಣಹುಲ್ಲಿಗೆ ಯೂರಿಯ ಉಪಚಾರ ಮಾಡಿದ ಅಭ್ಯಾಸದಲ್ಲಿ ಇದಕ್ಕೂ ಹಾಕುವವರಿದ್ದಾರೆ. ಒಣಹುಲ್ಲಿನಲ್ಲಿ ಸಾರಜನಕ ತೀರಾ ಕಡಿಮೆ, ಅದಕ್ಕೆ ಬೇಕು. ಇಲ್ಲಿ ಬೇಕಾದಷ್ಟಿದೆ. ಯೂರಿಯ ಒಡೆದು ಹುಟ್ಟುವ ಅಮೋನಿಯ, ನೀವು ಕಷ್ಟಪಟ್ಟು ಇಳಿಸುತ್ತಿರುವ ಪಿಎಚ್ ಅನ್ನು ಮೇಲಕ್ಕೆಳೆಯುತ್ತದೆ.

ಕೆಟ್ಟ ಮೇವನ್ನು ಒಂದು ದಿನ ಗಾಳಿಗೆ ಹರಡಿದರೆ ನಾತ ತಗ್ಗುತ್ತದೆ, ಹೋದ ಪ್ರೋಟೀನ್ ಬರುವುದಿಲ್ಲ. ಕರು ಹಾಕಲಿರುವ, ಆಗತಾನೇ ಹಾಕಿದ ಹಸುಗಳಿಗಂತೂ ಕೊಡಲೇಬೇಡಿ. ಬ್ಯುಟಿರಿಕ್ ಆಮ್ಲ ಅವುಗಳಲ್ಲಿ ಕೀಟೋಸಿಸ್ (ಮೈಯ ಕೊಬ್ಬು ಕರಗಿ ಹಸು ಸೊರಗುವ ಕಾಯಿಲೆ) ತರಬಲ್ಲದು. ಲೋಳೆಯಾದದ್ದು ಗೊಬ್ಬರದ ಗುಂಡಿಗೆ ಹೋಗಲಿ.

ಲಕ್ಷಣ: ಕಂದು ಬಣ್ಣ, ಹೊಗೆಸೊಪ್ಪಿನ ಪರಿಮಳ, ರಾಸು ಇಷ್ಟಪಟ್ಟು ತಿನ್ನುತ್ತದೆ, ಹಾಲು ಮಾತ್ರ ಏರುತ್ತಿಲ್ಲ

ಎಲ್ಲಕ್ಕಿಂತ ಮೋಸಗೊಳಿಸುವ ದೋಷ ಇದು. ವಾಸನೆ ಸಿಹಿ, ಸುಟ್ಟ ಸಕ್ಕರೆಯಂತೆ. ಹಸುಗಳು ಗೋದಲಿ ನೆಕ್ಕುತ್ತವೆ. ಪ್ರಯೋಗಾಲಯದ ಚೀಟಿಯಲ್ಲಿ ಕಚ್ಚಾ ಪ್ರೋಟೀನ್ 17 ಎಂದೇ ಬರುತ್ತದೆ. ಆದರೂ ಹಾಲು ಇಳಿಯುತ್ತದೆ, ಯಾಕೆಂದು ತಿಳಿಯದೆ ಹಸುವನ್ನೇ ಅನುಮಾನಿಸುತ್ತೇವೆ.

ನಡೆದದ್ದು ಇಷ್ಟು: ಒಳಗೆ ಗಾಳಿ ಉಳಿದು ಮೇವು 40 ಡಿಗ್ರಿ ದಾಟಿ ಹಲವು ದಿನ ಕಾದಿದೆ. ಆ ಬಿಸಿಗೆ ಸಕ್ಕರೆಯೂ ಪ್ರೋಟೀನೂ ಒಂದಕ್ಕೊಂದು ಅಂಟಿಕೊಂಡಿವೆ, ರೊಟ್ಟಿಯ ಮೇಲ್ಮೈ ಕಂದಾಗುವ ಅದೇ ಕ್ರಿಯೆ. ಅಂಟಿದ ಪ್ರೋಟೀನ್ ಜೀರ್ಣವಾಗದೆ ಸಗಣಿಯಲ್ಲಿ ಹೋಗುತ್ತದೆ. ಮಾಮೂಲಿ ಪರೀಕ್ಷೆ ಸಾರಜನಕವನ್ನು ಎಣಿಸುತ್ತದೆ, ಜೀರ್ಣವಾಗುತ್ತದೋ ಇಲ್ಲವೋ ಹೇಳುವುದಿಲ್ಲ.

ಪ್ರಯೋಗಾಲಯಕ್ಕೆ ಕೊಡುವಾಗ ಎಡಿಎಫ್ ನಾರಿಗೆ (ಆಮ್ಲ ಬೆರೆತ ಮಾರ್ಜಕದಲ್ಲಿ ಕುದಿಸಿದರೂ ಕರಗದೆ ಉಳಿಯುವ ನಾರು) ಅಂಟಿದ ಸಾರಜನಕ ಎಷ್ಟು ಎಂದು ಬೇರೆಯಾಗಿ ಕೇಳಿ. ಒಟ್ಟು ಸಾರಜನಕದಲ್ಲಿ ಅದು ನೂರಕ್ಕೆ 12 ದಾಟಿದರೆ ಬಿಸಿಯ ಹಾನಿ ಖಚಿತ. ಈ ಮೇವನ್ನು ಎಸೆಯಬೇಕಿಲ್ಲ. ಬರೀ ನಾರಿನ ಮೇವೆಂದು ಲೆಕ್ಕ ಹಿಡಿದು ಪ್ರೋಟೀನನ್ನು ಬೇರೆ ಕಡೆಯಿಂದ ಕೊಡಿ.

ಮೂಲ ಸರಿಪಡಿಸಬೇಕಾದರೆ ತುಳಿತ ನೋಡಿ. ಒಂದು ಘನ ಮೀಟರಿನಲ್ಲಿ ಒಣಾಂಶವೇ ಸುಮಾರು 240 ಕಿಲೋ ಇರಬೇಕು, ಅಂದರೆ 33 ಒಣಾಂಶದ ಹಿಪ್ಪೆ ಸುಮಾರು 700 ಕಿಲೋ. 200 ಲೀಟರಿನ ಡ್ರಮ್ಮಿನಲ್ಲಿ 140 ಕಿಲೋ ಹಿಡಿಯದಿದ್ದರೆ ನಿಮ್ಮ ತುಳಿತ ಸಾಲದು. 15 ಸೆಂಟಿಮೀಟರಿಗಿಂತ ದಪ್ಪ ಪದರ ಹಾಕಿ ತುಳಿದರೆ ಕೆಳಗಿನ ಗಾಳಿ ಅಲ್ಲೇ ಕೂತಿರುತ್ತದೆ.

ಲಕ್ಷಣ: ಬಿಳಿ, ನೀಲಿ, ಹಸಿರು ಬೂಷ್ಟು

ಬೂಷ್ಟು ಇರುವ ಕಡೆ ಗಾಳಿ ಹೊಕ್ಕಿದೆ. ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದು ಇಲಿ ಕಡಿದ ತೂತು ಹುಡುಕಿ, ಕಟ್ಟು ಸಡಿಲವೇ ನೋಡಿ, ಅಂಟುಪಟ್ಟಿ ಹಾಕಿ. ಮೇಲಿನ ಪದರ ಮಾತ್ರ ಕೆಟ್ಟಿದ್ದರೆ ಬೂಷ್ಟಿನ ಸುತ್ತ ಒಳ್ಳೆಯದಾಗಿ ಕಾಣುವ ಒಂದು ಗೇಣನ್ನೂ ಸೇರಿಸಿ ತೆಗೆದುಹಾಕಿ, ವಿಷ ಕಣ್ಣಿಗೆ ಕಾಣುವ ಬೂಷ್ಟನ್ನು ಮೀರಿ ಹರಡಿರುತ್ತದೆ. ಒಳಗೆಲ್ಲ ಚುಕ್ಕೆ ಚುಕ್ಕೆಯಾಗಿ ಹಬ್ಬಿದ್ದರೆ ಆರಿಸುತ್ತ ಕೂರಬೇಡಿ, ಇಡೀ ಚೀಲ ಬಿಡಿ. ಒಳ್ಳೆಯದರ ಜೊತೆ ಬೆರೆಸಿ ತೆಳುಮಾಡಿ ತಿನ್ನಿಸುವುದು ಪರಿಹಾರವಲ್ಲ. ಆ ಧೂಳು ನಿಮ್ಮ ಶ್ವಾಸಕೋಶಕ್ಕೂ ಕೇಡು, ಮುಖಗವಸು ಹಾಕಿಕೊಳ್ಳಿ.

ಸಿಹಿ ಕ್ಲೋವರ್ ಎಂಬ ಮೆಲಿಲೋಟಸ್ ಜಾತಿಯ ಸೊಪ್ಪಾದರೆ ಇನ್ನೂ ಕಟ್ಟುನಿಟ್ಟು ಬೇಕು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸತ್ತವು. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಅದಕ್ಕೆ ಬೂಷ್ಟು ಹಿಡಿದ ಸಿಹಿ ಕ್ಲೋವರ್ ಕಾರಣವೆಂದು ತೋರಿಸಿದರು. ಬೂಷ್ಟು ಆ ಸೊಪ್ಪಿನ ಕೂಮರಿನ್ ಅನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಡೈಕೂಮರಾಲ್ ಆಗಿ ಮಾರ್ಪಡಿಸುತ್ತದೆ. ಮೂಗಿನಿಂದ ರಕ್ತ, ಚರ್ಮದಡಿ ಮೆತ್ತನೆಯ ಊತ ಕಂಡರೆ ಮೇವು ನಿಲ್ಲಿಸಿ, ಚುಚ್ಚುಮದ್ದನ್ನೂ ಕೊಂಬು ತೆಗೆಯುವುದನ್ನೂ ತಡೆಹಿಡಿದು ವೈದ್ಯರನ್ನು ಕರೆಸಿ.

ಲಕ್ಷಣ: ತೆರೆದ ಎರಡು ಮೂರು ದಿನಕ್ಕೆ ಮತ್ತೆ ಬಿಸಿ

ಕಡ್ಡಿ ಥರ್ಮಾಮೀಟರನ್ನು ಒಂದು ಅಡಿ ಒಳಗೆ ಚುಚ್ಚಿ. ಹೊರಗಿನ ಹವೆಗಿಂತ 8ರಿಂದ 10 ಡಿಗ್ರಿ ಹೆಚ್ಚಿದ್ದರೆ ಗಾಳಿ ಸಿಕ್ಕ ಯೀಸ್ಟ್ ಕೆಲಸ ಶುರುಮಾಡಿದೆ. ದಿನಕ್ಕೆ ರಾಶಿಯ ತೆರೆದ ಮುಖದ ಉದ್ದಗಲಕ್ಕೂ 15ರಿಂದ 30 ಸೆಂಟಿಮೀಟರ್ ತೆಗೆಯಲೇಬೇಕು. ನಿಮ್ಮ ರಾಸುಗಳು ಅಷ್ಟು ತಿನ್ನುವುದಿಲ್ಲವಾದರೆ ಗುಂಡಿ ದೊಡ್ಡದಾಯಿತು. ಮುಂದಿನ ಸಲ ಸಣ್ಣ ಚೀಲಗಳಲ್ಲಿ ತುಂಬಿ.

ಲಕ್ಷಣ: ಒಣಗಿಸಿಟ್ಟ ಹಿಪ್ಪೆಯ ಮೂಟೆ ಬೆವರುತ್ತಿದೆ

ಬಿಸಿಲಿಗೆ ಒಣಗಿಸಿದ ಹಿಪ್ಪೆ ಹೊರಗೆ ಗರಿಗರಿ, ಗಂಟಿನೊಳಗೆ ಹಸಿ. ಒಂದು ಗಂಟು ಮುರಿದು ಒಳಭಾಗವನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣನೆ ಅನಿಸಿದರೆ ಇನ್ನೂ ನೀರಿದೆ. ಪುಡಿ ಅಥವಾ ಗುಳಿಗೆ ಮಾಡಿ ಇಡುವುದಾದರೆ ತೇವಾಂಶ ನೂರಕ್ಕೆ 12ಕ್ಕೆ ಇಳಿಯಬೇಕು.

ರಾಶಿಯೊಳಗೆ 55 ಡಿಗ್ರಿ ಕಂಡರೆ ದಿನಕ್ಕೆರಡು ಸಲ ಅಳೆಯಿರಿ. 70 ಮುಟ್ಟಿದರೆ ಬೆಂಕಿಯ ಅಪಾಯ, ಅಗ್ನಿಶಾಮಕದವರಿಗೆ ತಿಳಿಸಿ, ಅವರು ಬರುವ ತನಕ ರಾಶಿಯನ್ನು ಕೆದಕಬೇಡಿ. ಒಳಗೆ ಕೆಂಡವಾಗಿದ್ದರೆ ಹೊಸ ಗಾಳಿ ತಾಗಿದ ಕ್ಷಣ ಹೊತ್ತಿಕೊಳ್ಳುತ್ತದೆ. ಮೇಲೆ ಹತ್ತಿ ನಡೆಯಲೂ ಬೇಡಿ, ಒಳಗೆ ಸುಟ್ಟು ಪೊಳ್ಳಾದ ಜಾಗದಲ್ಲಿ ಕಾಲು ಕುಸಿಯುತ್ತದೆ. ಒಟ್ಟಿದ ಮೊದಲ ಆರು ವಾರ ಈ ಎಚ್ಚರ ಇರಲಿ.

ಲಕ್ಷಣ: ಮೇವು ಚೆನ್ನಾಗಿದೆ, ರಾಸು ಮೂಸಿ ಬಿಡುತ್ತದೆ ಅಥವಾ ಸಗಣಿ ತೆಳ್ಳಗಾಗಿದೆ

ಬಹಳ ಸಲ ಇದು ಅವಸರದ ಫಲ. ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳು ಹೊಸ ಮೇವಿಗೆ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ದಿನ ಒಂದು ಹಿಡಿ, ದಿನ ಬಿಟ್ಟು ದಿನ ಏರಿಸುತ್ತ ಹೋಗಿ. ತುಂಬಿದ ಮೇವು ಕನಿಷ್ಠ ನಾಲ್ಕು ವಾರ ಹುಳಿಯಾಗಿರಲಿ. ಪೊಟ್ಯಾಷಿಯಂ ಮುಂತಾದ ಲವಣಗಳು ರಸದ ಜೊತೆ ಹೋಗಿರುತ್ತವೆ, ಹಾಗಾಗಿ ಖನಿಜ ಮಿಶ್ರಣ ತಪ್ಪಿಸಬೇಡಿ.

ಇನ್ನು ಕಾಯದೆ ವೈದ್ಯರನ್ನು ಕರೆಸಬೇಕಾದ ಲಕ್ಷಣಗಳು. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ಕುಳಿ ಉಬ್ಬಿ ತಮಟೆಯಂತೆ ಬಿಗಿದಿದ್ದರೆ ಹೊಟ್ಟೆಯುಬ್ಬರ. ಹಿಂಡದ ಹಸಿ ಸೊಪ್ಪು ಗೋದಲಿಗೆ ಬಿದ್ದಿತ್ತೇ ಎಂದು ಮೊದಲು ವಿಚಾರಿಸಿ. ರಾಸಿನ ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ. ಮಲಗಿಬಿಟ್ಟ ರಾಸಿಗೆ ಎಣ್ಣೆಯನ್ನೋ ಬೇರೇನನ್ನೋ ಕುಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕುರಿ, ಮೇಕೆ ಒಂದು ಕಿವಿ ಜೋಲಿಸಿ ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯದ ಸೋಂಕಿನ ಶಂಕೆ. ಹುಳಿಯೇರದ ಮೇವಿನಲ್ಲಿ ಬೆಳೆಯುವ ಇದು ಮನುಷ್ಯರಿಗೂ ತಗಲುತ್ತದೆ. ಗರ್ಭಿಣಿಯರು ಆ ಮೇವನ್ನೂ, ಗರ್ಭಪಾತವಾದ ಕುರಿಯನ್ನೂ ಮುಟ್ಟಬಾರದು. ನಾಲಗೆ ಜೋತು, ಹಿಂಗಾಲು ಬಲ ಕಳೆದುಕೊಂಡಿದ್ದರೆ ಮೇವಿನಲ್ಲಿ ಸತ್ತ ಇಲಿಯೋ ಹಕ್ಕಿಯೋ ಸೇರಿ ಬೊಟುಲಿಸಂ ಎಂಬ, ಸ್ನಾಯುಗಳ ಬಲ ಕಳೆಯುವ ವಿಷಬಾಧೆ ಆಗಿರುವ ಶಂಕೆ. ಎಲ್ಲ ರಾಸುಗಳ ಮುಂದಿನಿಂದಲೂ ಆ ಮೇವನ್ನು ತಕ್ಷಣ ಎತ್ತಿಬಿಡಿ.

ಎತ್ತಿದ ಮೇವನ್ನು ಪೂರ್ತಿ ಎಸೆಯಬೇಡಿ. ಒಂದು ಕಿಲೋವನ್ನು ಗಾಳಿ ಹಿಂಡಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂಪಿನಲ್ಲಿಡಿ. ಅದರ ಮೇಲೆ ಯಾವ ದಿನ ತುಂಬಿದ್ದು, ಯಾವ ದಿನ ತೆರೆದದ್ದು, ಯಾವ ರಾಸು ಎಷ್ಟು ತಿಂದಿತು ಎಂದು ಬರೆಯಿರಿ. ವೈದ್ಯರು ಬಂದು ಕೇಳುವ ಮೊದಲ ಪ್ರಶ್ನೆಗಳು ಇವೇ.